ಜರಡಿ ಕೆಳಗೆ ಬಿದ್ದ ಕೀರೆ ಬೀಜ

ಬೆಂಗಳೂರಿನ ಶ್ರೀನಗರದಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲು ಇದೆ. ಅಪ್ಪ ಶುರು ಮಾಡಿದ್ದು. ಅವರು ಹೋದ ಮೇಲೆ ಹನ್ನೊಂದು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಮೊದಲು ರಾಗಿ, ಆಮೇಲೆ ಗೋಧಿ, ಅಕ್ಕಿ, ಕಡ್ಲೆಬೇಳೆ. ಖಾರದ ಪುಡಿಗೆ ಬೇರೆ ಮಿಷನ್ನು. ರಾಗಿ ತಂದವರು "ಇದಕ್ಕೆ ಮುಂಚೆ ಏನು ಹಾಕಿದ್ರಿ?" ಅಂತ ಕೇಳೇ ಕೇಳುತ್ತಾರೆ. ಗೋಧಿ ಹಾಕಿದ್ದರೆ ಕಲ್ಲಿನಲ್ಲಿ ಉಳಿದ ಹಿಟ್ಟು ಅವರ ರಾಗಿಗೆ ಸೇರುತ್ತದೆ, ಮುದ್ದೆ ಜಿಗುಟಾಗುತ್ತದೆ. ಅದಕ್ಕೇ ರಾಗಿಯವರೆಲ್ಲ ಒಬ್ಬರ ಹಿಂದೆ ಒಬ್ಬರು ಡಬ್ಬ ಇಟ್ಟು ಕಾಯುತ್ತಾರೆ.

ಇಷ್ಟು ವರ್ಷ ರಾಗಿ ಮುಟ್ಟಿ ಮುಟ್ಟಿ ನನ್ನ ಕೈಗೇ ಒಂದು ಅಂದಾಜು ಬಂದುಬಿಟ್ಟಿದೆ. ಹಿಡಿಯಲ್ಲಿ ಹಿಡಿದು ಬೆರಳ ಸಂದಿಯಿಂದ ಬಿಟ್ಟರೆ ಸಾಕು, ಒಣಗಿದೆಯಾ, ಹಳೇದಾ, ಅಂಗಡಿಯ ಪ್ಯಾಕೆಟ್ಟಿಂದಾ, ಊರಿಂದ ಬಂದಿದ್ದಾ ಅಂತ ಗೊತ್ತಾಗುತ್ತದೆ. ಪ್ಯಾಕೆಟ್ ರಾಗಿ ಒಂದೇ ಅಳತೆ, ಒಂದೇ ಬಣ್ಣ, ನುಣ್ಣಗೆ ಜಾರುತ್ತದೆ. ಊರಿನ ರಾಗಿಯಲ್ಲಿ ಸ್ವಲ್ಪ ಹೊಟ್ಟು, ಸ್ವಲ್ಪ ಮಣ್ಣು ಇದ್ದೇ ಇರುತ್ತದೆ.

ನಾಲ್ಕು ವರ್ಷದ ಹಿಂದೆ ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಒಬ್ಬ ಹುಡುಗ ಬಂದ. ಐಟಿಐ ಮಾಡಿ ಇಲ್ಲೇ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಾನೆ. ಹನುಮಂತನಗರದಲ್ಲಿ ಮೂರು ಜನ ಸ್ನೇಹಿತರ ಜೊತೆ ರೂಮು. ಹತ್ತು ಕೆಜಿಯಷ್ಟು ರಾಗಿ ತಂದಿದ್ದ. ಕೈ ಹಾಕಿ ನೋಡಿದೆ. ಚಿಕ್ಕ ಕಾಳು, ಬಣ್ಣ ಕಪ್ಪು ಕೆಂಪು, ಒಂದೊಂದು ಕಾಳು ಒಂದೊಂದು ಥರ. ಮಧ್ಯೆ ಮಧ್ಯೆ ಸಾಸಿವೆ, ಇನ್ನೇನೋ ಪುಟ್ಟ ಪುಟ್ಟ ಮಿಂಚುವ ಬೀಜ. ಪಾಪ, ಹುಡುಗ, ಕ್ಲೀನ್ ಮಾಡೋಕೆ ಗೊತ್ತಿಲ್ಲ ಅಂದುಕೊಂಡೆ. ಅವನು ಟೀ ಕುಡಿದು ಬರುವಷ್ಟರಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದಿದ್ದನ್ನೆಲ್ಲ ಗುಡಿಸಿ ಮೂಲೆಗೆ ತಳ್ಳಿದೆ.

ಅವನು ಬಂದು ನೋಡಿದ. ಜೋರಾಗಿ ಏನೂ ಅನ್ನಲಿಲ್ಲ. ಕುಕ್ಕರಗಾಲಲ್ಲಿ ಕೂತು ಆ ಕಸದಿಂದ ಒಂದು ಚಿಟಿಕೆ ಎತ್ತಿ ಅಂಗೈ ಮೇಲೆ ಹಾಕಿಕೊಂಡ. "ಅಕ್ಕ, ಇದು ಕಸ ಅಲ್ಲ. ಇದು ಕೀರೆ. ನಮ್ಮ ಅಜ್ಜಿ ರಾಗಿ ಜೊತೆ ಬಿತ್ತೋದು."

ಹಾಗೆ ಗೊತ್ತಾಯಿತು ಅವನು ಬಿಳಿಗಿರಿರಂಗನ ಬೆಟ್ಟದವನು, ಸೋಲಿಗರ ಹುಡುಗ ಅಂತ. ಆ ಹಿಟ್ಟಿನ ಮುದ್ದೆ ಅವನ ರೂಮಿನಲ್ಲಿ ಹೇಗಾಯಿತೋ ನಾನು ಕೇಳಲಿಲ್ಲ. ಆದರೆ ಆ ಮೂಲೆ ಕಸ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ನಮ್ಮ ಅಪ್ಪನ ಊರು ಮಾಗಡಿ ಹತ್ತಿರ. ಚಿಕ್ಕವಳಿದ್ದಾಗ ನಮ್ಮ ಹೊಲದಲ್ಲೂ ಅಕ್ಕಡಿ ಸಾಲು ಇತ್ತು. ಐದಾರು ಸಾಲು ರಾಗಿ, ಆಮೇಲೆ ಒಂದು ಸಾಲು ಅವರೆ, ಜೋಳ, ಹುಚ್ಚೆಳ್ಳು, ಸಾಸಿವೆ. ಬದುವಿನ ಸುತ್ತ ಹರಳು. ಹುಚ್ಚೆಳ್ಳು ಹೂ ಬಿಟ್ಟಾಗ ಹೊಲಕ್ಕೆ ಅರಿಶಿನ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಮಳೆ ಕೈ ಕೊಟ್ಟು ರಾಗಿ ಜೊಳ್ಳಾದರೂ ಅವರೆ ಬರುತ್ತಿತ್ತು. ಅವರೆಗೆ ಹುಳ ಬಿದ್ದರೂ ಹರಳೆಣ್ಣೆಗೆ ತೊಂದರೆ ಇಲ್ಲ. ಇವತ್ತು ಅದೇ ಹೊಲಕ್ಕೆ ಕಟಾವು ಮಿಷನ್ನು ಇಳಿಯುತ್ತದೆ. ಮಿಷನ್ನಿಗೆ ಅಕ್ಕಡಿ ಸಾಲು ಆಗಿಬರಲ್ಲ. ಕಳೆಗೆ ಔಷಧಿ ಹೊಡೆದರೆ ಅವರೆಯೂ ಸಾಯುತ್ತದೆ. ಹಾಗಾಗಿ ಈಗ ಬರೀ ರಾಗಿ. ಚಿಕ್ಕಪ್ಪನನ್ನು ದೂರಲ್ಲ, ಕೂಲಿಗೆ ಜನ ಸಿಗಲ್ಲ, ಏನು ಮಾಡ್ತಾರೆ? ಇಳುವರಿಯೂ ಜಾಸ್ತಿ ಬಂದಿದೆ. ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಮಂಡ್ಯದಲ್ಲಿ ಕೂತು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಡದೇ ಇದ್ದಿದ್ದರೆ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮುದ್ದೆಗೆ ಪರದಾಡಬೇಕಿತ್ತು. ಅಪ್ಪ ಅವರ ಹೆಸರು ಹೇಳುವಾಗ ಕೈ ಮುಗಿಯುತ್ತಿದ್ದರು. ಅಷ್ಟೆಲ್ಲ ಇದ್ದರೂ ಆ ಅರಿಶಿನ ಗೆರೆ ಹೋಗಿದ್ದು ಹೋಯಿತು. ಈಗ ಚಿಕ್ಕಪ್ಪನ ಮನೆಯವರು ಸಾಸಿವೆಯನ್ನೂ ಮಾಗಡಿ ಅಂಗಡಿಯಿಂದಲೇ ತರುತ್ತಾರೆ.

ಮುಂದಿನ ವರ್ಷ ಕಾರ್ತಿಕದಲ್ಲಿ ಆ ಹುಡುಗನೇ ಕರೆದ. "ಅಕ್ಕ, ಕೊಯ್ಲಿಗೆ ಮುಂಚೆ ಒಂದು ಸಲ ಬನ್ನಿ, ಹೊಲ ನೋಡುವಿರಂತೆ." ಮಿಲ್ಲಿಗೆ ಎರಡು ದಿನ ಬೀಗ ಹಾಕಿ ಹೋದೆ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದ ಮೇಲೆ ಗಾಳಿಯೇ ಬೇರೆ.

ಸೋಲಿಗರ ಊರಿಗೆ ಪೋಡು ಅನ್ನುತ್ತಾರೆ. ಅವನ ಪೋಡಿನಲ್ಲಿ ಮೂವತ್ತು ಮನೆ ಇರಬಹುದು. ಅವರಾಡುವ ಸೋಲಿಗ ನುಡಿ ನಮ್ಮ ಕನ್ನಡದ ಪಕ್ಕದಲ್ಲೇ ಇದೆ. ಗಮನ ಕೊಟ್ಟು ಕೇಳಿದರೆ ಮುಕ್ಕಾಲು ಪಾಲು ತಿಳಿಯುತ್ತದೆ. ಬೆಟ್ಟದ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆ ಆದ ಅಂತ ಅವರ ಕಥೆ. ಅದಕ್ಕೆ ದೇವರನ್ನೇ ಭಾವ ಅಂತ ಕರೆಯುತ್ತಾರೆ. "ರಂಗಭಾವ ನೋಡ್ಕತಾನೆ ಬುಡವ್ವ" ಅಂತ ಅವನ ಅಜ್ಜಿ ಮಾತು ಮಾತಿಗೂ ಹೇಳುತ್ತಿದ್ದರು. ಅವರ ಬಾಯಲ್ಲಿ ಅದು ಮನೆಯವರೊಬ್ಬರ ಹೆಸರು ಹೇಳಿದಷ್ಟೇ ಸಲೀಸಾಗಿತ್ತು.

ಹೊಲಕ್ಕೆ ಹೋದೆವು. ಹೊಲ ಅಂದರೆ ನಮ್ಮ ಕಣ್ಣಿಗೆ ಹೊಲ ಅನ್ನಿಸಲ್ಲ. ಇಳಿಜಾರು. ಮೊದಲ ನೋಟಕ್ಕೆ ಎಲ್ಲ ಕಲಸಿಹೋಗಿದೆ ಅನ್ನಿಸುತ್ತದೆ. ನಿಂತು ನೋಡಿದರೆ ಒಂದೊಂದೇ ಕಾಣುತ್ತದೆ. ಸೊಂಟದೆತ್ತರ ರಾಗಿ. ಅದರ ಮಧ್ಯೆ ಅಲ್ಲಲ್ಲಿ ಆಳೆತ್ತರದ ಕೀರೆ, ಕೆಂಪು ತೆನೆ ಬಿಟ್ಟುಕೊಂಡು. ಮುಸುಕಿನ ಜೋಳದ ದಂಟಿಗೆ ಹತ್ತಿದ ಅವರೆ ಬಳ್ಳಿ. ಒಂದು ಮೂಲೆಯಲ್ಲಿ ಕಲ್ಲುಗುಡ್ಡೆ ಮೇಲೆ ಹಬ್ಬಿದ ಕುಂಬಳ. ಸಾಸಿವೆ ಆಗಲೇ ಕೊಯ್ದಾಗಿತ್ತು.

ಅಜ್ಜಿ ಒಂದು ಕೀರೆ ತೆನೆ ಮುರಿದು ಅಂಗೈ ಮೇಲೆ ಉಜ್ಜಿದರು. ಬಾಯಿಂದ ಮೆಲ್ಲಗೆ ಊದಿದರು. ಸಿಪ್ಪೆ ಹಾರಿಹೋಗಿ ಬೀಜ ಉಳಿಯಿತು. ನಾನು ಗುಡಿಸಿ ಹಾಕಿದ್ದು ಇದನ್ನೇ. "ಎಳೇದಾಗಿದ್ರೆ ಸೊಪ್ಪು, ಬಲಿತ್ರೆ ಕಾಳು" ಅಂದರು. ಬಿತ್ತಿದ ಒಂದು ತಿಂಗಳಿಗೆ ಸೊಪ್ಪು ಕೀಳಬಹುದು. ಆಮೇಲೆ ಸಾಸಿವೆ ಸೊಪ್ಪು. ಆಮೇಲೆ ಹಸಿ ಜೋಳ. ಆಮೇಲೆ ಅವರೆ, ರಾಗಿ, ಕೊನೆಗೆ ಕುಂಬಳ. ಕುಂಬಳಕಾಯಿ ಅಟ್ಟದ ಮೇಲೆ ಇಟ್ಟರೆ ಬೇಸಿಗೆವರೆಗೂ ಕೆಡಲ್ಲ. ಕೀರೆ ಕಾಳನ್ನು ಹುರಿದು ಅರಳಿಸಿ ಬೆಲ್ಲದ ಜೊತೆ ಮಕ್ಕಳಿಗೆ ಕೊಡುತ್ತಾರೆ. ನಾನು ಮನಸ್ಸಿನಲ್ಲೇ ತಿಂಗಳು ಎಣಿಸಿದೆ. ಮುಂಗಾರಲ್ಲಿ ಒಂದು ಸಲ ಬಿತ್ತಿದ್ದು ಮುಂದಿನ ಬೇಸಿಗೆವರೆಗೂ ಒಲೆ ಮೇಲೆ ಏನಾದರೂ ಇಡುತ್ತದೆ.

ಬೆಂಗಳೂರಿನಲ್ಲಿ ಆಹಾರ ಭದ್ರತೆ ಅಂದರೆ ಗೋದಾಮು, ಮೂಟೆ, ತಲೆಗೆ ಇಷ್ಟು ಕೆಜಿ ಅನ್ನೋ ಲೆಕ್ಕವೇ ಮುಂದೆ ಬರುತ್ತದೆ. ಆ ಲೆಕ್ಕ ಬೇಡ ಅನ್ನಲ್ಲ. 2013ರ ಆಹಾರ ಭದ್ರತಾ ಕಾಯ್ದೆ, ನಮ್ಮ ರಾಜ್ಯದ ಅನ್ನಭಾಗ್ಯ, ಇವುಗಳಿಂದ ಪೋಡಿನಲ್ಲೂ ಯಾರೂ ಉಪವಾಸ ಮಲಗಬೇಕಿಲ್ಲ. ಮಳೆಗಾಲದಲ್ಲಿ ಕಾಡಿನ ಕೆಲಸ ಇರಲ್ಲ, ಕೂಲಿಯೂ ಕಡಿಮೆ. ಆಗ ಆದಿವಾಸಿ ಮನೆಗಳಿಗೆ ಸರ್ಕಾರ ಬೇಳೆ, ಕಾಳು, ಎಣ್ಣೆ, ಬೆಲ್ಲ, ಮೊಟ್ಟೆ ಕೊಡುತ್ತದೆ. ಅದೂ ಬೇಕು. ಆದರೆ ಅಕ್ಕಿ ಮೂಟೆ ಬಂತು ಅಂತ ಹೊಲ ಹೋದರೂ ಪರವಾಗಿಲ್ಲ ಅನ್ನೋ ಹಾಗಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಸುಣ್ಣದ ಅಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ನನ್ನ ಮಿಲ್ಲಿಗೆ ಬರುವ ಬಾಣಂತಿಯರ ಅಮ್ಮಂದಿರಿಗೆ ಇದು ಚೆನ್ನಾಗಿ ಗೊತ್ತು. ಮೊಳಕೆ ಕಟ್ಟಿದ ರಾಗಿ ತಂದು, ಮಗುವಿನ ಸರಿಗೆ ನುಣ್ಣಗೆ ಬೀಸಿಸಿಕೊಂಡು ಹೋಗುತ್ತಾರೆ. ಪೋಡಿನ ಮಗುವಿಗೂ ಅದೇ ರಾಗಿ, ಅದೇ ಸೊಪ್ಪು ಅವರ ಹೊಲದಿಂದಲೇ ಸಿಗುತ್ತಿತ್ತಲ್ಲ.

ಆ ರಾತ್ರಿ ಒಲೆ ಮುಂದೆ ಕೂತು ಅಜ್ಜಿ ತಮ್ಮ ಕಾಲದ ಮಾತು ಹೇಳಿದರು. ಅವರು ಹುಡುಗಿಯಾಗಿದ್ದಾಗ ಒಂದೇ ಕಡೆ ಹೊಲ ಇರಲಿಲ್ಲ. ಕುಮರಿ ಬೇಸಾಯ. ಒಂದು ತುಂಡು ಕಾಡು ಕಡಿದು, ಒಣಗಿಸಿ, ಸುಟ್ಟು, ಬೂದಿ ಮೇಲೆ ಬಿತ್ತೋದು. ಕೆಲವು ವರ್ಷಕ್ಕೆ ಅದನ್ನು ಬಿಟ್ಟು ಮುಂದಕ್ಕೆ ಹೋಗೋದು, ಬಿಟ್ಟ ಜಾಗ ಮತ್ತೆ ಕಾಡಾಗೋದು. 1974ರಲ್ಲಿ ಆ ಬೆಟ್ಟದ ಕಾಡು ವನ್ಯಧಾಮ ಆಯಿತು. ಬೇಸಾಯ ನಿಂತಿತು, ಕುಟುಂಬಗಳು ಒಂದೊಂದು ಕಡೆ ನೆಲೆ ನಿಂತವು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಜೇನು, ನೆಲ್ಲಿಕಾಯಿ, ಪಾಚಿ ತಂದು ಮಾರುವುದಕ್ಕೂ ತಡೆ ಬಿತ್ತು. ಹೊಲ ಚಿಕ್ಕದಾದಾಗ ಮನೆಗೆ ಆಸರೆಯಾಗಿದ್ದೇ ಆ ಕಾಡಿನ ಉತ್ಪನ್ನ. ಅದೂ ಕೈ ತಪ್ಪಿದಾಗಲೇ ಗಂಡಸರು ಕೂಲಿಗೆ ಬೆಟ್ಟ ಇಳಿದು ಹೋಗಲು ಶುರು ಮಾಡಿದರು ಅಂತ ಅಜ್ಜಿ ಹೇಳಿದರು.

ಅವರ ಮನೆ ಗೋಡೆಗೆ ರಂಗನಾಥನ ಫೋಟೋ ಪಕ್ಕದಲ್ಲೇ ಫ್ರೇಮ್ ಹಾಕಿಸಿದ ಹಕ್ಕುಪತ್ರ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕಿದ್ದು. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಉಳುತ್ತಿದ್ದ ಭೂಮಿಗೆ ನಾಲ್ಕು ಹೆಕ್ಟೇರ್‌ವರೆಗೆ ಹಕ್ಕು ಕೊಡಬಹುದು ಅಂತ ಆ ಕಾಯ್ದೆ ಹೇಳುತ್ತದೆ. ಇವರಿಗೆ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಕಡಿಮೆ, ಆದರೂ ಫ್ರೇಮ್ ಮೇಲೆ ಒಂದು ಚೂರು ಧೂಳಿರಲಿಲ್ಲ. 2011ರ ಜನವರಿಯಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯಿತು. ಎಲ್ಲರನ್ನೂ ಹೊರಗೆ ಹಾಕುತ್ತಾರೆ ಅಂತ ಭಯ ಪಟ್ಟಿದ್ದರಂತೆ. ಅದೇ ವರ್ಷ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ನನಗೆ ಇದು ನಮ್ಮ ರಾಜ್ಯದ ದೊಡ್ಡ ಹೆಮ್ಮೆ ಅನ್ನಿಸುತ್ತದೆ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ? ನನಗಂತೂ ಆ ಫ್ರೇಮ್ ನೋಡುವವರೆಗೂ ಗೊತ್ತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಜ್ಜಿ ನೂರೆ ಅನ್ನೋ ಕಾಡು ಗೆಣಸು ತೋರಿಸುತ್ತೇನೆ ಅಂತ ಹೊರಟರು. ನಾನು ಜೀವಮಾನದಲ್ಲಿ ಮರೆಯಲ್ಲ ಅದನ್ನು. ಮೊದಲು ಬಳ್ಳಿ ಹುಡುಕಿದರು. ಮರಕ್ಕೆ ಸುತ್ತಿಕೊಂಡ ಒಣಗಿದ ದಾರದ ಹಾಗೆ ಇತ್ತು, ನನ್ನ ಕಣ್ಣಿಗೆ ಬೀಳಲೇ ಇಲ್ಲ. ಬಳ್ಳಿ ಹಿಡಿದು ಬುಡಕ್ಕೆ ಬಂದು ಚೂಪಾದ ಕೋಲಿನಿಂದ ಅಗೆಯಲು ಕೂತರು. ಮೊಣಕೈ ಮುಳುಗುವಷ್ಟು ಆಳ ಹೋದ ಮೇಲೆ ಗೆಣಸು ಕಂಡಿತು. ಮೇಲಿನ ತಲೆ ಭಾಗವನ್ನು ಬಳ್ಳಿ ಸಮೇತ ಒಂದು ಗೇಣು ಬಿಟ್ಟು, ಕೆಳಗಿನದನ್ನಷ್ಟೇ ಮುರಿದುಕೊಂಡರು. ಆಮೇಲೆ ತಲೆಯನ್ನು ಗುಂಡಿಯಲ್ಲೇ ಇಟ್ಟು, ಸಡಿಲ ಮಣ್ಣು ಎಳೆದು, ಮೇಲೆ ತರಗೆಲೆ ಮುಚ್ಚಿ, ಅಂಗೈಯಿಂದ ಎರಡು ಸಲ ತಟ್ಟಿದರು. ಮಗುವಿಗೆ ತಟ್ಟಿ ಮಲಗಿಸುತ್ತಾರಲ್ಲ, ಹಾಗೆ. "ಬರೋ ವರ್ಸಕ್ಕೆ ಇಲ್ಲೇ ಇರ್ತದೆ" ಅಂದರು. ಕೆಂಡದಲ್ಲಿ ಸುಟ್ಟು ಜೇನಿನ ಜೊತೆ ಕೊಟ್ಟರು. ಹಿಟ್ಟು ಹಿಟ್ಟಾಗಿ, ಸ್ವಲ್ಪ ಮಣ್ಣಿನ ಘಮ.

ಆದರೆ ಆ ಒಂದು ಬಳ್ಳಿಗೆ ನಾವು ಮುಕ್ಕಾಲು ಗಂಟೆ ಅಲೆದಿದ್ದೆವು. ಎಲ್ಲಿ ನೋಡಿದರೂ ಲಂಟಾನ, ಹೊರದೇಶದಿಂದ ಬಂದು ಹಬ್ಬಿದ ಮುಳ್ಳುಪೊದೆ. ಪರಿಸರದ ಬಗ್ಗೆ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆಯವರು ಅಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. 1997ರಿಂದ 2008ರ ಒಳಗೆ ಆ ಕಾಡಿನಲ್ಲಿ ಲಂಟಾನ ಹಬ್ಬಿದ ಜಾಗ ಹೆಚ್ಚುಕಡಿಮೆ ಎರಡು ಪಟ್ಟಾಯಿತು ಅಂತ ಅವರು ಅಳೆದು ತೋರಿಸಿದ್ದಾರೆ. ಸೋಲಿಗರು ಹಿಂದೆ ಚಳಿಗಾಲ ಮುಗಿಯುವ ಹೊತ್ತಿಗೆ, ಹುಲ್ಲು ಪೂರ್ತಿ ಒಣಗುವ ಮುಂಚೆ, ತರಗು ಬೆಂಕಿ ಹಾಕುತ್ತಿದ್ದರು. ನೆಲದ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ. ಅದರಿಂದ ಪೊದೆ ಹತೋಟಿಯಲ್ಲಿರುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯೂ ಕಡಿಮೆ ಇರುತ್ತಿತ್ತು ಅಂತ ಅವರು ಹೇಳುತ್ತಾರೆ. ವನ್ಯಧಾಮ ಆದ ಮೇಲೆ ಬೆಂಕಿ ನಿಂತಿತು. ಲಂಟಾನ ಮುಚ್ಚಿದ ಕಡೆ ಹುಲ್ಲಿಲ್ಲ, ಗೆಣಸಿಲ್ಲ. ಹುಲ್ಲಿಲ್ಲದ ಕಾಡಿನಿಂದ ಆನೆ ಹೊಲಕ್ಕೆ ಬರದೇ ಎಲ್ಲಿಗೆ ಹೋಗುತ್ತದೆ ಅಂತ ಅಜ್ಜಿ ಕೇಳಿದರು.

ಆನೆ ಬಂತು. ಹೋದ ವರ್ಷ, ಕೊಯ್ಲಿಗೆ ಇನ್ನು ಎಂಟು ದಿನ ಇದೆ ಅನ್ನುವಾಗ. ಹುಡುಗನ ಅಪ್ಪ, ಚಿಕ್ಕಪ್ಪ ಅಟ್ಟಣೆ ಮೇಲೆ ಕಾವಲಿದ್ದರು. ಕೂಗಿದರು, ಡಬ್ಬ ಬಡಿದರು. ಮೂರು ಆನೆ, ಒಂದು ಮರಿ. ಬೆಳಗಾಗುವಷ್ಟರಲ್ಲಿ ಮುಕ್ಕಾಲು ಹೊಲ ಹೋಯಿತು. ತಿಂದಿದ್ದಕ್ಕಿಂತ ತುಳಿದಿದ್ದೇ ಜಾಸ್ತಿ.

ಸಂಕ್ರಾಂತಿ ಹತ್ತಿರ ಬಂದಾಗ ಹುಡುಗ ಮಿಲ್ಲಿಗೆ ಬಂದ. ಕೈಯಲ್ಲಿ ಖಾಲಿ ಚೀಲ. "ಅಕ್ಕ, ಇಪ್ಪತ್ತು ಕೆಜಿ ರಾಗಿ ಬೇಕು" ಅಂದ. ನಾನು ಮಿಲ್ಲಿನ ಪಕ್ಕದಲ್ಲೇ ಸ್ವಲ್ಪ ರಾಗಿ, ಗೋಧಿ ಮಾರುತ್ತೇನೆ. ರೂಮಿಗೇನೋ ಅಂದುಕೊಂಡು ತೂಗಿ, "ಬೀಸಿಬಿಡ್ಲಾ?" ಅಂದೆ. "ಬೇಡ, ಹಂಗೇ ಕೊಡಿ. ಊರಿಗೆ ತಗೊಂಡು ಹೋಗ್ಬೇಕು. ಅಜ್ಜಿಗೆ ಅನ್ನ ಸೇರಲ್ಲ" ಅಂದ.

ನಮ್ಮ ರಾಜ್ಯ ದೇಶದ ಅರ್ಧಕ್ಕಿಂತ ಜಾಸ್ತಿ ರಾಗಿ ಬೆಳೆಯುತ್ತದೆ. ಆ ರಾಗಿ ಹಳ್ಳಿಯಿಂದ ಪಟ್ಟಣಕ್ಕೆ ಬರುವುದನ್ನೇ ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಬೆಂಗಳೂರಿನಿಂದ ಬೆಟ್ಟಕ್ಕೆ, ಬೆಳೆಯುವವರ ಮನೆಗೇ, ಬಸ್ಸಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಹೋಗುವುದನ್ನು ಅವತ್ತೇ ನೋಡಿದ್ದು. ನನಗೆ ಮಾತೇ ಬರಲಿಲ್ಲ. ಅಂಗಡಿ ಬೆಲೆ ತಗೊಳ್ಳಲು ಮನಸ್ಸಾಗಲಿಲ್ಲ. ಅವನು ಬಿಡಲಿಲ್ಲ, ಎಣಿಸಿ ಕೊಟ್ಟು ಹೋದ.

ನಮ್ಮ ಅಜ್ಜನ ಕಾಲದಲ್ಲಿ ಇಂಥ ವರ್ಷಕ್ಕೆ ಅಂತಲೇ ಹಗೇವು ಇತ್ತು. ಗಟ್ಟಿ ಜಾಗ ನೋಡಿ ನೆಲದೊಳಗೆ ಬಾವಿ ಥರ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ ಮುಚ್ಚೋದು. ವರ್ಷಗಟ್ಟಲೆ ಇದ್ದರೂ ಹುಳ ಹತ್ತಲ್ಲ. ತೆಗೆಯುವ ದಿನ ಬಾಯಿ ತೆರೆದು ಸುಮಾರು ಹೊತ್ತು ಬಿಡಬೇಕು, ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಒಳಗೆ ಉಸಿರಿಲ್ಲ ಅಂತ ಅರ್ಥ. ಪೋಡಿನಲ್ಲಿ ಅಷ್ಟು ದೊಡ್ಡ ಸಂಗ್ರಹ ನಾನು ಕಾಣಲಿಲ್ಲ. ಒಲೆ ಮೇಲಿನ ಹೊಗೆಯಲ್ಲಿ ತೂಗುಹಾಕಿದ ಬೀಜದ ತೆನೆ, ಸೋರೆ ಬುರುಡೆಯಲ್ಲಿ ಬೂದಿ ಜೊತೆ ಕಲಸಿಟ್ಟ ಅವರೆ ಬೀಜ, ಅಷ್ಟೇ. ಅವರ ಹಗೇವು ಕಾಡೇ ಆಗಿತ್ತು. ಬೆಳೆ ಕೈ ಕೊಟ್ಟ ವರ್ಷ ಗೆಣಸು, ಸೊಪ್ಪು, ಅಣಬೆ, ಜೇನು. ಈಗ ಹೊಲಕ್ಕೂ ಕುತ್ತು, ಕಾಡಿಗೂ ಲಂಟಾನ.

ಪೋಡಿನ ಸುಮಾರು ಮನೆಯವರು ಕಾಫಿ, ಮೆಣಸು ಹಾಕಿದ್ದಾರೆ. ಕಾಫಿಯನ್ನು ಆನೆ, ಹಂದಿ ರಾಗಿಯಷ್ಟು ಮುಟ್ಟಲ್ಲ, ಕೈಗೆ ಕಾಸೂ ಬರುತ್ತದೆ. ಹುಡುಗನ ಅಪ್ಪನೂ ಅರ್ಧ ಹೊಲಕ್ಕೆ ಕಾಫಿ ನೆಟ್ಟರು. ಅವರನ್ನು ತಪ್ಪು ಅನ್ನಲು ನಾನ್ಯಾರು? ಹುಡುಗನ ತಂಗಿ ಕೊಳ್ಳೇಗಾಲದಲ್ಲಿ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ, ಕಾಸು ಬೇಕಲ್ವಾ? ಅಜ್ಜಿ ಮಾತ್ರ ಉಳಿದ ಅರ್ಧ ಬಿಟ್ಟುಕೊಡಲಿಲ್ಲ. ಮನೆಯಲ್ಲಿ ಇದಕ್ಕೆ ಒಂದು ವಾರ ಮಾತು ನಡೆಯಿತಂತೆ. ರೊಟ್ಟಿ ಹಬ್ಬಕ್ಕೆ ದೇವರ ಮುಂದೆ ಹೊಸ ರಾಗಿಯ ರೊಟ್ಟಿ ಇಡಬೇಕು, ಅಂಗಡಿ ರಾಗಿ ರೊಟ್ಟಿ ಇಟ್ಟು ಭಾವನಿಗೆ ಏನು ಹೇಳಲಿ ಅಂತ ಕೇಳಿದರಂತೆ. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

2025-26ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ ಇತ್ತು. ನಮ್ಮ ಮಾಗಡಿ ಕಡೆಯವರಿಗೆ ಇದು ದೊಡ್ಡ ಸಹಾಯ. ಅಜ್ಜಿ ಹೊಲದಲ್ಲಿ ಮಾರಲು ಒಂದು ಕ್ವಿಂಟಾಲೂ ಮಿಗಲ್ಲ. ಅವರಿಗೆ ಬೇಕಾಗಿರುವುದೇ ಬೇರೆ. ಆನೆ ತುಳಿದರೆ ತಡ ಮಾಡದೆ ಪರಿಹಾರ ಬರಬೇಕು. ಲಂಟಾನ ಕೀಳಲು ಪೋಡಿನವರಿಗೇ ಕೂಲಿ ಕೊಡಬೇಕು. ಕಾಡು ನೋಡಿಕೊಳ್ಳುವ ಮಾತು ಬಂದಾಗ ಅವರನ್ನೂ ಕೂರಿಸಿ ಕೇಳಬೇಕು. ಸಿರಿಧಾನ್ಯದ ಬಗ್ಗೆ ಬೆಂಗಳೂರಿನಲ್ಲಿ ಎಷ್ಟು ಮೇಳ ನಡೆಯುತ್ತವೆ. ನಾನೂ ಪ್ರತಿ ವರ್ಷ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕೃಷಿ ಮೇಳಕ್ಕೆ ತಪ್ಪದೆ ಹೋಗುತ್ತೇನೆ. ಅಲ್ಲಿ ರಾಗಿ ತಳಿಗಳ ಮುಂದೆ ನಿಂತಾಗಲೆಲ್ಲ ಅಜ್ಜಿಯ ರಾಗಿಗೆ ಹೆಸರೇನು ಅಂತ ಯೋಚನೆ ಬರುತ್ತದೆ. ಕೇಳಿದರೆ ಅವರು "ನಮ್ ರಾಗಿ" ಅಂತಾರೆ ಅಷ್ಟೇ.

ಈ ವರ್ಷ ಆನೆ ಬರಲಿಲ್ಲ. ಹಂದಿ ಸ್ವಲ್ಪ ಹಾಳು ಮಾಡಿತಂತೆ. ಹೋದ ವಾರ ಹುಡುಗ ಬಂದ. ಚೀಲ ಚಿಕ್ಕದು, ನಾಲ್ಕು ಸೇರು ಇರಬಹುದು. ಅವನಿಗಿಂತ ಮುಂಚೆ ಗೋಧಿ ಹಾಕಿದ್ದೆ. ಕಲ್ಲು ಶುದ್ಧವಾಗಲಿ ಅಂತ ನಮ್ಮದೇ ಅರ್ಧ ಕೆಜಿ ರಾಗಿ ಮೊದಲು ಬೀಸಿ ತೆಗೆದೆ. ಆಮೇಲೆ ಅವನ ಚೀಲ ಬಿಚ್ಚಿ, ಹೊಟ್ಟು ಮಾತ್ರ ಕೇರಿ, ಸಾಸಿವೆ, ಕೀರೆ ಸಮೇತ ಸುರಿದೆ. ಬಿಸಿ ಹಿಟ್ಟು ಇಳಿಯುವಾಗ ಬರುವ ಘಮ ಇದೆಯಲ್ಲ, ಈ ರಾಗಿಯದು ಬೇರೆಯೇ. ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬರು "ಯಾವ ಅಂಗಡಿ ರಾಗಿರೀ ಇದು?" ಅಂತ ಕೇಳಿದರು. ಹುಡುಗ ನಕ್ಕ.

ಹೋಗುವಾಗ ಜೇಬಿನಿಂದ ಒಂದು ಬಟ್ಟೆ ಗಂಟು ತೆಗೆದು ಕೊಟ್ಟ. ಅಜ್ಜಿ ಕಳಿಸಿದ್ದು, ಕೀರೆ ಬೀಜ. ಯುಗಾದಿ ಕಳೆದು ಮೊದಲ ಮಳೆ ಬಿದ್ದ ಮೇಲೆ ಚೆಲ್ಲಬೇಕಂತೆ, ಆಳಕ್ಕೆ ಹಾಕಬಾರದಂತೆ. ಮನೆ ಟೆರೇಸಿನಲ್ಲಿ ಹಳೇ ಸಿಂಟೆಕ್ಸ್ ಟ್ಯಾಂಕು ಅಡ್ಡ ಕುಯ್ಸಿ, ಮಾಗಡಿಯಿಂದ ಕೆಂಪು ಮಣ್ಣು ತರಿಸಿ ತುಂಬಿಸಿಟ್ಟಿದ್ದೇನೆ.